ಮಗುಚಿ ಇಟ್ಟವರು

೮ ಆಗಸ್ಟ್ ೨೦೦೪, ಭಾನುವಾರ, ತಿರುವನಂತಪುರ

ಇವತ್ತೂ ಜಗಳ. ಊಟಕ್ಕೆ ಕೂತಾಗ ಶುರುವಾದದ್ದು ಕೈ ತೊಳೆದ ಮೇಲೂ ಮುಗಿಯಲಿಲ್ಲ. ಬೇರೆ ಮನೆಗಳಲ್ಲಿ ಗಂಡ ಹೆಂಡತಿ ಅತ್ತೆಯ ವಿಷಯಕ್ಕೋ ಅಡುಗೆಯ ವಿಷಯಕ್ಕೋ ಜಗಳವಾಡುತ್ತಾರೆ. ನಾವು ಇಲಿಯ ಮಿದುಳಿನ ವಿಷಯಕ್ಕೆ ಆಡುತ್ತೇವೆ.

ಕಮಲ ಇಲ್ಲಿಯ ಪ್ರಯೋಗಾಲಯದಲ್ಲಿ ಜೀವಂತ ಚೂರಿನ ಮೇಲೆ ಕೆಲಸ ಮಾಡುತ್ತಾಳೆ. ಇಲಿಯ ಮಿದುಳಿನಿಂದ ಕೊಯ್ದ ಉಗುರಗಲದ ತೆಳು ಚೂರು. ಅದರಲ್ಲಿ ಎರಡು ನರಕೋಶಗಳನ್ನು ಹಿಡಿದು, ಒಂದು ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವಾಗ ಹರಿಯುವ ವಿದ್ಯುತ್ತನ್ನು ಅಳೆಯುತ್ತಾಳೆ. ಆಮೇಲೆ ಎರಡಕ್ಕೂ ಬಣ್ಣ ತುಂಬಿ, ಅವು ಎಲ್ಲೆಲ್ಲಿ ಒಂದನ್ನೊಂದು ಮುಟ್ಟುತ್ತವೆ ಎಂದು ನಕ್ಷೆ ಬರೆಯುತ್ತಾಳೆ. ಆ ಮುಟ್ಟುವ ಜಾಗವೇ ಸಿನಾಪ್ಸ್. ಅಷ್ಟಾದ ಮೇಲೆ ಚೂರನ್ನು ಔಷಧದಲ್ಲಿ ಮುಳುಗಿಸಿ, ಕೊಂದು, ನನ್ನ ಕೈಗೆ ಕೊಡುತ್ತಾಳೆ. ನಾನು ಅದನ್ನು ನನ್ನ ಕೆಲಸದ ಊರಾದ ಕೊಚ್ಚಿಗೆ ಒಯ್ದು ಇಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅದೇ ಸಿನಾಪ್ಸನ್ನು ಹುಡುಕಿ, ಫೋಟೋ ತೆಗೆದು, ಅಳತೆ ಹೇಳಬೇಕು. ಗಾತ್ರದಲ್ಲಿ ದೊಡ್ಡ ಸಿನಾಪ್ಸು ಮಾತಿನಲ್ಲೂ ದೊಡ್ಡದೋ? ಇಷ್ಟೇ ಪ್ರಶ್ನೆ. ರಚನೆಗೂ ಕೆಲಸಕ್ಕೂ ಗಂಟು ಹಾಕಬೇಕು.

ಅವಳದು ಜೀವ, ನನ್ನದು ಹೆಣ. ಯೋಜನೆಗೆ ದುಡ್ಡು ಕೊಡುವ ದೆಹಲಿಯ ಸಮಿತಿಯವರು ಬಂದಿದ್ದಾಗ ಅವಳನ್ನು ಮಿದುಳಿನ ಬಗ್ಗೆ ಕೇಳಿದರು. ನನ್ನನ್ನು ಯಂತ್ರದ ಕೋಣೆಯ ಎ.ಸಿ. ಚೆನ್ನಾಗಿದೆಯೇ ಎಂದು ಕೇಳಿದರು.

ಒಂದು ವರ್ಷದಿಂದ ಅವಳ ನಕ್ಷೆಗೂ ನನ್ನ ಫೋಟೋಗಳಿಗೂ ತಾಳೆಯಾಗುತ್ತಿಲ್ಲ. ಅವಳು ಸಿನಾಪ್ಸ್ ಇದೆ ಎಂದ ಕಡೆ ನನ್ನಲ್ಲಿ ಬರೀ ಬಯಲು. ಬರುವ ಮಾರ್ಚಿಗೆ ಯೋಜನೆಯ ಅವಧಿ ಮುಗಿಯುತ್ತದೆ.

"ನನ್ನ ನಕ್ಷೆ ತಪ್ಪಿರೋಕೆ ಸಾಧ್ಯವೇ ಇಲ್ಲ ರೀ. ಕೊಚ್ಚೀಲೇ ಏನೋ ಆಗ್ತಾ ಇದೆ" ಎಂದಳು. ಕೊಚ್ಚಿ ಅಂದರೆ ನಾನು. ಮಗಳು ಶ್ರೀವಿದ್ಯಾ ಟಿ.ವಿ. ಸದ್ದು ಜಾಸ್ತಿ ಮಾಡಿದಳು.

೧೯ ಆಗಸ್ಟ್, ಗುರುವಾರ, ಕೊಚ್ಚಿ

ಬೆಳಗಿನಿಂದ ಏಲೂರಿನ ಕಾರ್ಖಾನೆಗಳ ಕಡೆಯಿಂದ ಗಾಳಿ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಅಮೋನಿಯಾ.

ಹೊಸ ಚೂರನ್ನು ನನ್ನ ಸಹಾಯಕಿ ಜುಬೈದಾ ಗಾಜಿನಂತೆ ಗಟ್ಟಿಯಾಗುವ ರೆಸಿನ್‌ಗೆ ಕೂರಿಸಿದಳು. ಈ ಹುಡುಗಿ ಮಂಜೇಶ್ವರದವಳು, ಮನೆಯಲ್ಲಿ ಬ್ಯಾರಿ ಮಾತು, ಓದಿದ್ದು ಕನ್ನಡ ಶಾಲೆಯಲ್ಲಿ. ಇಡೀ ಸಂಸ್ಥೆಯಲ್ಲಿ ನನ್ನ ಜೊತೆ ಕನ್ನಡ ಆಡುವವಳು ಇವಳೊಬ್ಬಳೇ. ಕೈ ಬಹಳ ನಾಜೂಕು. ಬಣ್ಣ ಹಾಕಿ ನೀರು ಆರಿಸಿದ ಚೂರಿಗೆ ಮೇಲ್ಮೈ ಯಾವುದು, ಅಡಿ ಯಾವುದು ಎಂದು ಗೊತ್ತಾಗುವುದಿಲ್ಲ. ಅದಕ್ಕೇ ಕಮಲ ಮೇಲಿನ ಬಲಮೂಲೆಯಲ್ಲಿ ಬ್ಲೇಡಿನಿಂದ ಸಣ್ಣ ಕಚ್ಚು ಹಾಕಿ ಕಳಿಸುತ್ತಾಳೆ. ಕಚ್ಚು ಬಲಕ್ಕಿದ್ದರೆ ಚೂರು ನೆಟ್ಟಗಿದೆ, ಎಡಕ್ಕಿದ್ದರೆ ಮಗುಚಿದೆ. ರೆಸಿನ್ ಗಟ್ಟಿಯಾದ ಮೇಲೆ ಬೇಕಾದಷ್ಟು ಭಾಗ ಉಳಿಸಿ ಸುತ್ತ ಕತ್ತರಿಸುತ್ತೇವೆ, ಕಚ್ಚು ಕಸಕ್ಕೆ ಹೋಗುತ್ತದೆ.

ಅಲ್ಲಿಂದಾಚೆಗೆ ಎಲ್ಲ ನನ್ನ ಕೈಯಲ್ಲೇ. ಫಿಲ್ಮ್ ತೊಳೆಯುವುದೂ ನಾನೇ, ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಹಾಕುವುದೂ ನಾನೇ. ಇಪ್ಪತ್ತು ವರ್ಷದ ಅಭ್ಯಾಸ. ಬೇರೆಯವರು ಈಗ ಕಂಪ್ಯೂಟರಿಗೆ ಹಾರಿದ್ದಾರೆ, ಅವರ ಚಿತ್ರಗಳನ್ನು ನೋಡಿದರೆ ಅಳು ಬರುತ್ತದೆ.

ಜನವರಿಯಲ್ಲಿ ಜುಬೈದಾಳನ್ನು ನನ್ನ ಕೈಕೆಳಗೆ ಪಿಎಚ್‌ಡಿಗೆ ನೋಂದಾಯಿಸುವುದು ಎಂದು ಮಾತಾಗಿದೆ. "ಸರ್, ಅರ್ಜಿಗೆ ಫೋಟೋ ತೆಗೆಸಿ ಇಟ್ಟಿದ್ದೇನೆ" ಎಂದಳು. ಇನ್ನೂ ನಾಲ್ಕು ತಿಂಗಳಿದೆ ಮಾರಾಯ್ತಿ ಎಂದು ನಕ್ಕೆ.

೪ ಸೆಪ್ಟೆಂಬರ್, ಶನಿವಾರ

ಕಮಲ ಫೋನಿನಲ್ಲಿ, "ಒಂದು ಸಲ ನನ್ನ ನಕ್ಷೇನ ಮಗುಚಿ ಇಟ್ಟು ನೋಡ್ರೀ" ಎಂದಳು. ಹೋದ ವರ್ಷವೂ ಹೇಳಿದ್ದಳು. ಮಗುಚಿ ನೋಡುವುದೆಂದರೆ ಕೊಚ್ಚಿಯಲ್ಲಿ ಎಡಬಲ ಗೊತ್ತಿಲ್ಲದವರು ಕೆಲಸ ಮಾಡುತ್ತಿದ್ದಾರೆ ಎಂದು ಒಪ್ಪಿದ ಹಾಗೆ. ಅದಕ್ಕೇ ನೋಡಿರಲಿಲ್ಲ.

ಇವತ್ತು ನೋಡಿದೆ. ಅವಳ ನಕ್ಷೆಯ ಟ್ರೇಸಿಂಗ್ ಕಾಗದವನ್ನು ನನ್ನ ಪ್ರಿಂಟಿನ ಮೇಲೆ ಹಿಂದುಮುಂದಾಗಿ ಹಾಸಿದೆ. ಕೂತಿತು. ಕೊಂಬೆಗೆ ಕೊಂಬೆ, ಸಿನಾಪ್ಸಿಗೆ ಸಿನಾಪ್ಸ್. ಇನ್ನೊಂದನ್ನು ನೋಡಿದೆ, ಅದೂ ಕೂತಿತು. ಹನ್ನೊಂದು ಚೂರುಗಳೂ ಕೂತವು.

ಕುಣಿಯಬೇಕಿತ್ತು. ಒಂದು ಗಳಿಗೆ ಕುಣಿದೆ ಕೂಡ. ಆಮೇಲೆ ಕಮಲಳಿಗೆ ಹೇಗೆ ಹೇಳುವುದು ಎಂದು ಕೂತೆ.

೬ ಸೆಪ್ಟೆಂಬರ್, ಸೋಮವಾರ

ಜುಬೈದಾಳನ್ನು ಕರೆದು ಕೇಳಿದೆ.

"ರೆಸಿನ್‌ಗೆ ಇಡುವಾಗ ಕಚ್ಚು ಯಾವ ಕಡೆಗಿರುತ್ತೆ?"

"ಬಲಕ್ಕೆ ಸರ್. ಯಾಕೆ, ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?"

"ಎಲ್ಲಾ ಮಗುಚಿದೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಟ್ರೇಸಿಂಗ್ ಕಾಗದ ಹಾಸಿ ತೋರಿಸಿದೆ. ಬಗ್ಗಿ ನೋಡಿದಳು. ಮೊದಲು ಖುಷಿಯೇ ಆಯಿತು ಆ ಹುಡುಗಿಗೆ. "ಕೂತಿತಲ್ಲ ಸರ್!" ಎಂದು ಚಪ್ಪಾಳೆ ತಟ್ಟಿದಳು. ಆಮೇಲೆ ನನ್ನ ಮುಖ ನೋಡಿದಳು.

"ಒಂದು ಮಗುಚಿದ್ದರೆ ಒಪ್ಪಿಕೊಳ್ತಿದ್ದೆ ಸರ್. ಎಲ್ಲವೂ ಮಗುಚುವುದು ಹೇಗೆ? ಕಚ್ಚು ನೋಡಿಯೇ ಇಟ್ಟದ್ದು ನಾನು. ನನಗೆ ಅಷ್ಟೂ ಕಣ್ಣು ಕಾಣುವುದಿಲ್ವಾ?"

"ಹಾಗಾದರೆ ಮಗುಚಿದ್ದು ನಾನಾ?"

"ನಾನು ಹಾಗೆ ಹೇಳ್ಲಿಲ್ಲ ಸರ್."

"ಮತ್ತೆ ಹೇಗೆ ಹೇಳಿದೆ?"

ಅವಳು ಅಳಲಿಲ್ಲ. ಅತ್ತಿದ್ದರೆ ಬಹುಶಃ ಅಲ್ಲಿಗೇ ಬಿಡುತ್ತಿದ್ದೆ. ಎದುರು ನಿಂತು ಮತ್ತೆ ಮತ್ತೆ "ಬಲಕ್ಕೇ ಇಟ್ಟದ್ದು" ಎಂದಳು. ತಪ್ಪು ಮಾಡುವುದು ದೊಡ್ಡದಲ್ಲ, ಅದನ್ನು ಒಪ್ಪದೆ ನಿಲ್ಲುವ ಈ ಮೊಂಡುತನ ನನಗೆ ಆಗುವುದಿಲ್ಲ.

೧೨ ಸೆಪ್ಟೆಂಬರ್, ಭಾನುವಾರ, ತಿರುವನಂತಪುರ

ಬೆಳಗಿನ ವಂಚಿನಾಡ್ ರೈಲು ಹಿಡಿದು ಬಂದೆ. ಕಮಲಳಿಗೆ ಎಲ್ಲ ಹೇಳಿದೆ. ತಪ್ಪು ಕೊಚ್ಚಿಯದೇ ಎಂದು ಹೇಳುವಾಗ ಬಾಯಿ ಒಣಗಿತ್ತು, ಸಹಾಯಕಿಯದು ಎಂದು ಸೇರಿಸಿದ ಮೇಲೆ ಸಲೀಸಾಯಿತು. ಅವಳು ಗೆದ್ದೆ ಎಂದು ಕುಣಿಯುತ್ತಾಳೆ ಅಂದುಕೊಂಡಿದ್ದೆ. ಕುಣಿಯಲಿಲ್ಲ.

"ಎಲ್ಲಾನೂ ಒಂದೇ ಥರ ಮಗುಚಿದೆ ಅಂದ್ರೆ ಅದು ಕೈತಪ್ಪಲ್ಲ ರೀ. ಕೈತಪ್ಪಾದ್ರೆ ನಾಲ್ಕು ಹಾಗೆ, ನಾಲ್ಕು ಹೀಗೆ ಇರೋದು. ಎಲ್ಲೋ ಒಂದು ಹೆಜ್ಜೇಲಿ ದಿನಾ ಒಂದೇ ಥರ ತಿರುಗ್ತಾ ಇದೆ. ಅದನ್ನ ಹುಡುಕಿ."

"ಹುಡುಕೋದೇನು? ಎಡಬಲ ನೋಡಿ ಇಡೋದು ಅವಳೊಬ್ಬಳೇ."

"ನೀವು ಪ್ರಿಂಟ್ ಹಾಕೋದು?"

ತಟ್ಟೆ ತಳ್ಳಿ ಎದ್ದುಬಿಟ್ಟೆ. ಇಪ್ಪತ್ತು ವರ್ಷ ಡಾರ್ಕ್‌ರೂಮಿನಲ್ಲಿ ಬೆರಳು ಸುಟ್ಟುಕೊಂಡವನಿಗೆ ಹೆಂಡತಿ ಕೇಳುವ ಪ್ರಶ್ನೆ ಇದು. ಮಗಳನ್ನು, "ನಿಮ್ಮಮ್ಮನಿಗೆ ಏನಾಗಿದೆ?" ಎಂದು ಕೇಳಿದರೆ "ಎನಿಕ್ಕರಿಯಿಲ್ಲ ಅಪ್ಪಾ" ಎಂದು ಮಲಯಾಳದಲ್ಲಿ ಕೈ ಆಡಿಸಿದಳು. ಈ ಮನೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ.

೩೦ ಸೆಪ್ಟೆಂಬರ್, ಕೊಚ್ಚಿ

ಜುಬೈದಾಳ ಗುತ್ತಿಗೆ ಇವತ್ತಿಗೆ ಮುಗಿಯಿತು. ಮುಂದುವರಿಸಿ ಎಂದು ನಾನು ಬರೆಯಲಿಲ್ಲ. ಬೇಡ ಎಂದೂ ಬರೆಯಲಿಲ್ಲ, ಸುಮ್ಮನಿದ್ದೆ ಅಷ್ಟೇ. ಆಡಳಿತದವರಿಗೆ ಅಷ್ಟೇ ಸಾಕು.

ಹೋಗುವಾಗ ರೆಸಿನ್ ಇಡುವ ಅಚ್ಚುಗಳನ್ನು ತೊಳೆದು ಒರೆಸಿ ಜೋಡಿಸಿ ಇಟ್ಟಿದ್ದಳು. "ಜನವರಿಯದ್ದು ಇನ್ನು ಇಲ್ಲ ಅಲ್ವಾ ಸರ್?" ಎಂದಳು. ನೋಡೋಣ ಎಂದೆ. ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

೨೦ ಜನವರಿ ೨೦೦೫

ವಿಜ್ಞಾನ ಪತ್ರಿಕೆಗೆ ಪೇಪರ್ ಕಳಿಸಿದೆವು. ದೊಡ್ಡ ಸಿನಾಪ್ಸು ದೊಡ್ಡದಾಗಿಯೇ ಮಾತಾಡುತ್ತದೆ. ಗ್ರಾಫಿನಲ್ಲಿ ಹನ್ನೊಂದು ಚೂರುಗಳ ಚುಕ್ಕಿಗಳು ಒಂದೇ ಗೆರೆಯ ಮೇಲೆ ಕೂತಿವೆ. ನನ್ನ ಹೆಸರು ಮೊದಲು, ಕಮಲಳದು ಕೊನೆಗೆ. ಮೊದಲನೆಯದು ದೊಡ್ಡದೋ ಕೊನೆಯದು ದೊಡ್ಡದೋ ಎಂದು ಅರ್ಧ ದಿನ ವಾದ ಮಾಡಿ ಇಬ್ಬರೂ ಸೋತೆವು.

ವಿಧಾನದ ಭಾಗದಲ್ಲಿ ಒಂದು ವಾಕ್ಯ ಹಾಕಬೇಕಾಯಿತು. ಚೂರುಗಳನ್ನು ರೆಸಿನ್‌ನಲ್ಲಿ ಮಗುಚಿ ಕೂರಿಸಲಾಗಿದ್ದರಿಂದ ಚಿತ್ರಗಳನ್ನು ಎಡಬಲ ತಿರುಗಿಸಿ ಸರಿಪಡಿಸಲಾಗಿದೆ ಎಂದು. ಜುಬೈದಾಳ ಹೆಸರೂ ಲೇಖಕರ ಸಾಲಿನಲ್ಲಿ ಇರಲಿ ಎಂದು ಕಮಲ ಹಟ ಹಿಡಿದಳು. "ಮಗುಚಿ ಇಟ್ಟವಳ ಹೆಸರೇ?" ಎಂದೆ. ಕೊನೆಗೆ ಕೃತಜ್ಞತೆಯಲ್ಲಿ ಸೇರಿಸಿದೆವು.

ಮಾರ್ಚಿನ ಗಡುವನ್ನೂ ಆರು ತಿಂಗಳು ಮುಂದೂಡಿದ್ದಾರೆ. ಸಮಿತಿಯವರು ಮೊದಲ ಸಲ ನನ್ನನ್ನು ಸಿನಾಪ್ಸಿನ ಬಗ್ಗೆ ಕೇಳಿದರು. ಎ.ಸಿ. ಬಗ್ಗೆ ಯಾರೂ ಕೇಳಲಿಲ್ಲ.

೧೦ ಮಾರ್ಚ್, ಗುರುವಾರ

ಪರಿಶೀಲಕರು ಇನ್ನೂ ಒಂದೆರಡು ಚೂರು ಬೇಕು ಎಂದಿದ್ದಾರೆ. ಹೊಸಬರನ್ನು ಯಾರನ್ನೂ ನಂಬುವುದಿಲ್ಲ ಎಂದು ಈ ಸಲ ನಾನೇ ರೆಸಿನ್‌ಗೆ ಇಟ್ಟೆ. ಕಚ್ಚು ಬಲಕ್ಕೆ. ಮತ್ತೆ ಮತ್ತೆ ನೋಡಿಕೊಂಡೆ. ಗಟ್ಟಿಯಾದ ಮೇಲೂ ಕತ್ತರಿಸುವ ಮುಂಚೆ ನೋಡಿದೆ. ಬಲಕ್ಕೇ ಇತ್ತು.

ಇವತ್ತು ಪ್ರಿಂಟುಗಳನ್ನು ಜೋಡಿಸಿ ಕಮಲಳ ನಕ್ಷೆ ಹಾಸಿದೆ. ಹೊಂದಲಿಲ್ಲ.

ಮಗುಚಿ ಹಾಸಿದೆ. ಹೊಂದಿತು.

೧೧ ಮಾರ್ಚ್, ಶುಕ್ರವಾರ

ಬರೆಯಲೇಬೇಕು, ಬೇರೆ ಎಲ್ಲಿ ಹೇಳಲಿ?

ಫಿಲ್ಮಿನ ಚಿತ್ರವನ್ನು ದೊಡ್ಡದು ಮಾಡಿ ಕಾಗದಕ್ಕೆ ಇಳಿಸುವ ನನ್ನ ಎನ್‌ಲಾರ್ಜರಿಗೆ ಕಪ್ಪು ರಟ್ಟಿನ ಚೌಕಟ್ಟು ಒಂದಿದೆ, ನಾನೇ ಕತ್ತರಿಸಿದ್ದು. ಫಿಲ್ಮಿನ ಅಂಚಿನಲ್ಲಿ ಮೈಕ್ರೋಸ್ಕೋಪು ಒತ್ತುವ ನಂಬರು ಪ್ರಿಂಟಿನಲ್ಲಿ ಬರಬಾರದು, ಚಿತ್ರ ಚೊಕ್ಕಟವಾಗಿರಬೇಕು ಎಂದು ಹಾಕಿಕೊಂಡದ್ದು. ಇವತ್ತು ಅದನ್ನು ತೆಗೆದು ಇಡೀ ಫಿಲ್ಮನ್ನು ಪ್ರಿಂಟ್ ಹಾಕಿದೆ. ತೊಟ್ಟಿಯಲ್ಲಿ ಕಾಗದ ನಿಧಾನವಾಗಿ ಕಪ್ಪಾಗುತ್ತ ನಂಬರು ಮೂಡಿತು. ಕನ್ನಡಿಯಲ್ಲಿ ಕಾಣುವಂತೆ ತಿರುಗಾಮುರುಗಾ.

ಚಿತ್ರ ಕೂತಿರುವ ಫಿಲ್ಮಿನ ಮಾಸಲು ಬದಿ ಎನ್‌ಲಾರ್ಜರಿನ ಗಾಜಿಗೆ ತಾಗಿದರೆ ಗೀರು ಬೀಳುತ್ತದೆ ಎಂದು ಹಿಂದೆ ಯಾರೋ ಕಲಿಸಿದ್ದರು. ಅವತ್ತಿನಿಂದ ನಾನು ಹೊಳೆಯುವ ಬದಿಯನ್ನೇ ಕೆಳಗಿಟ್ಟು ಪ್ರಿಂಟ್ ಹಾಕುತ್ತ ಬಂದಿದ್ದೇನೆ. ಹಾಗೆ ಹಾಕಿದರೆ ಎಡ ಬಲವಾಗುತ್ತದೆ. ಗೊತ್ತಿಲ್ಲದ ವಿಷಯವಲ್ಲ. ಆದರೆ ಸಿನಾಪ್ಸಿನ ಗಾತ್ರ ಅಳೆಯುವವನಿಗೆ ಎಡವಾದರೇನು, ಬಲವಾದರೇನು? ಕನ್ನಡಿಯಲ್ಲಿ ನೋಡಿದರೂ ಗಾತ್ರ ಅಷ್ಟೇ. ಇನ್ನೊಬ್ಬರ ನಕ್ಷೆಯ ಜೊತೆ ತಾಳೆ ನೋಡುವ ಕೆಲಸ ಇದಕ್ಕೆ ಮುಂಚೆ ನನಗೆ ಬಂದೇ ಇರಲಿಲ್ಲ.

ಜುಬೈದಾ ಹನ್ನೊಂದನ್ನೂ ಸರಿಯಾಗಿಯೇ ಇಟ್ಟಿದ್ದಳು. ಮಗುಚಿದ್ದು ನಾನು. ಪ್ರತಿ ಸಲವೂ ನಾನೇ. ನಾಳೆಯೇ ಕಮಲಳಿಗೆ ಹೇಳುತ್ತೇನೆ, ಹುಡುಗಿಯನ್ನು ಕರೆಸುತ್ತೇನೆ.

೧೨ ಮಾರ್ಚ್

ರೈಲಿಗೆ ಹೋಗಲಿಲ್ಲ. ತಲೆನೋವು.

೨೦ ಮಾರ್ಚ್

ಶಾಂತವಾಗಿ ಯೋಚಿಸಿದೆ. ಚೂರು ಮಗುಚಿದರೂ ಫಿಲ್ಮು ಮಗುಚಿದರೂ ಸಿಗುವ ಚಿತ್ರ ಒಂದೇ. ತಿರುಗಿಸಿ ಸರಿಪಡಿಸಿದ್ದೇವೆ, ಫಲಿತಾಂಶ ಸರಿಯಾಗಿದೆ. ವಿಜ್ಞಾನಕ್ಕೆ ಕೂದಲೆಳೆಯಷ್ಟೂ ನಷ್ಟವಿಲ್ಲ. ತಪ್ಪಿರುವುದು ವಿಧಾನದ ಭಾಗದ ಒಂದು ವಾಕ್ಯದಲ್ಲಿ ಮಾತ್ರ, ಅದನ್ನು ಯಾರು ಓದುತ್ತಾರೆ?

ಒಂದೆರಡು ಚೂರುಗಳನ್ನು ಅವಳೂ ಮಗುಚಿ ಇಟ್ಟಿರಬಹುದು. ಹಾಗೆ ಇಟ್ಟಿದ್ದರೆ ಎರಡು ತಪ್ಪು ಸೇರಿ ಆ ಒಂದೆರಡು ಮೊದಲೇ ಸರಿಯಾಗಿ ಕೂರಬೇಕಿತ್ತು, ಒಂದೂ ಕೂತಿರಲಿಲ್ಲ. ಈ ಲೆಕ್ಕ ಬೇಡ.

ಫಿಲ್ಮನ್ನು ಇನ್ನು ಮಾಸಲು ಬದಿ ಕೆಳಗಿಟ್ಟು ಹಾಕುತ್ತಿದ್ದೇನೆ. ಗೀರು ಬೀಳುವುದಿಲ್ಲ.

೧೦ ಏಪ್ರಿಲ್, ಭಾನುವಾರ, ತಿರುವನಂತಪುರ

ಹೊಸ ಪ್ರಿಂಟುಗಳನ್ನು ಕಮಲಳಿಗೆ ತೋರಿಸಿದೆ. ನಕ್ಷೆಯನ್ನು ನೇರವಾಗಿ ಹಾಸಿದಳು. ಹೊಂದಿತು.

"ಇದನ್ನ ರೆಸಿನ್‌ಗೆ ನೀವೇ ಇಟ್ಟಿದ್ದಾ?"

"ಹೌದು."

"ಮಗುಚಲೇ ಇಲ್ಲ?"

"ಕಣ್ಣೆದುರಿಗೇ ಇದೆಯಲ್ಲ."

ಬಹಳ ಹೊತ್ತು ಪ್ರಿಂಟನ್ನೇ ನೋಡುತ್ತ ಕೂತಿದ್ದಳು. ಅವಳು ಈಗ ಫಿಲ್ಮಿನ ಬಗ್ಗೆ ಕೇಳಬೇಕು, ಕೇಳಿದರೆ ಹೇಳಿಬಿಡುತ್ತೇನೆ ಅಂದುಕೊಂಡೆ. ನಿಜವಾಗಿಯೂ ಹೇಳುತ್ತಿದ್ದೆ.

"ಹಾಗಾದ್ರೆ ಆ ಹುಡುಗೀದೇ ತಪ್ಪು" ಎಂದಳು. "ನಾನು ಸುಮ್ಮನೆ ನಿಮ್ಮ ಮೇಲೆ ಅನುಮಾನ ಪಟ್ಟೆ. ಬೇಜಾರು ಮಾಡ್ಕೋಬೇಡಿ ರೀ." ಹದಿನಾರು ವರ್ಷದ ಸಂಸಾರದಲ್ಲಿ ಅವಳು ಸೋಲು ಒಪ್ಪಿದ್ದು ಇದೇ ಮೊದಲು. ರಾತ್ರಿ ಊಟಕ್ಕೆ ಬಿಸಿಬೇಳೆಬಾತ್ ಮಾಡಿದ್ದಳು. ಎರಡು ಸಲ ಹಾಕಿಸಿಕೊಂಡೆ.

ಅವಳು ಕೇಳಲಿಲ್ಲ. ಕೇಳದೆ ಹೇಗೆ ಹೇಳುವುದು?

೨ ಜುಲೈ, ಕೊಚ್ಚಿ

ಪೇಪರ್ ಕೊನೆಯ ತಿದ್ದುಪಡಿಗೆ ಬಂದಿದೆ. ಒಪ್ಪಿಗೆಯಾಗಿದೆ! ಇಬ್ಬರು ಪರಿಶೀಲಕರೂ ಹೊಗಳಿದ್ದಾರೆ. ಒಬ್ಬರಂತೂ ಮಗುಚಿದ್ದನ್ನು ಮುಚ್ಚಿಡದೆ ಬರೆದ ಲೇಖಕರ ಪ್ರಾಮಾಣಿಕತೆಯನ್ನು ಮೆಚ್ಚಿದ್ದಾರೆ.

ಆ ವಾಕ್ಯವನ್ನು ಬದಲಾಯಿಸಲು ಇದು ಕೊನೆಯ ಅವಕಾಶ ಎಂದು ಒಂದು ಕ್ಷಣ ಅನಿಸಿತು. ಒಂದೆರಡು ಪದ ತಿದ್ದಿದರೆ ಮುಗಿಯಿತು. ಆದರೆ ಪರಿಶೀಲಕರು ಮೆಚ್ಚಿದ ವಾಕ್ಯವನ್ನು ಈಗ ತಿದ್ದಿದರೆ ಯಾಕೆ ಎಂದು ಕೇಳುತ್ತಾರೆ, ಮತ್ತೆ ನಾಲ್ಕು ತಿಂಗಳು ಎಳೆಯುತ್ತಾರೆ. ಯೋಜನೆಯನ್ನೇ ನಂಬಿರುವ ಇತರರಿಗೂ ಅನ್ಯಾಯ. ಸುಮ್ಮನೆ ವ್ಯಾಕರಣ ಸ್ವಲ್ಪ ನೇರ ಮಾಡಿ ಕಳಿಸಿದೆ.

ಎನ್‌ಲಾರ್ಜರನ್ನು ಗೋದಾಮಿಗೆ ಹಾಕಿಸಿದೆ. ಇನ್ನು ಮುಂದೆ ಡಿಜಿಟಲ್ ಕ್ಯಾಮೆರಾ. ಹಳೆಯದಕ್ಕೆ ಜೋತು ಬೀಳಬಾರದು.

೧೪ ನವೆಂಬರ್

ಪೇಪರ್ ಅಚ್ಚಾಗಿ ಬಂತು. ನಿರ್ದೇಶಕರು ಕರೆಸಿ ಕೈಕುಲುಕಿದರು. ಅವರ ಕೋಣೆಯಲ್ಲಿ ಏಲಕ್ಕಿ ಚಹಾ, ಕರಿದ ಬಾಳೆಕಾಯಿ ಉಪ್ಪೇರಿ. ಹೊಸದಾಗಿ ಬಂದ ಸಹಾಯಕರಿಗೆ ಒಂದು ತರಗತಿ ತೆಗೆದುಕೊಳ್ಳಿ ಎಂದರು. ತೆಗೆದುಕೊಂಡೆ. ಎಡಬಲ ಎಷ್ಟು ಮುಖ್ಯ, ಒಬ್ಬರ ಅಜಾಗರೂಕತೆಯಿಂದ ಒಂದಿಡೀ ವರ್ಷದ ಕೆಲಸ ಹೇಗೆ ಹಳ್ಳ ಹಿಡಿಯುತ್ತಿತ್ತು, ನಾನು ಅದನ್ನು ಹೇಗೆ ಪತ್ತೆಹಚ್ಚಿ ಸರಿಪಡಿಸಿದೆ ಎಂದು ವಿವರಿಸಿದೆ. ಹೆಸರು ಹೇಳಲಿಲ್ಲ. ಹೆಸರು ಹೇಳಿ ಅವಮಾನ ಮಾಡುವುದು ನನಗೆ ಸೇರುವುದಿಲ್ಲ.

೧೮ ಜನವರಿ ೨೦೦೬, ಬುಧವಾರ

ಮಧ್ಯಾಹ್ನ ಜುಬೈದಾ ಬಂದಿದ್ದಳು. ಅನುಭವ ಪತ್ರ ಬೇಕಿತ್ತಂತೆ. ಈಗ ಕಾಕ್ಕನಾಡಿನ ಐ.ಟಿ. ಪಾರ್ಕಿನಲ್ಲಿ ಹೊರದೇಶದ ಡಾಕ್ಟರುಗಳು ಹೇಳಿದ್ದನ್ನು ಕೇಳಿ ಟೈಪ್ ಮಾಡುವ ಕೆಲಸ. ಸ್ವಲ್ಪ ಸೊರಗಿದ್ದಾಳೆ, ಕನ್ನಡಕ ಬಂದಿದೆ. ಕುಳಿತುಕೋ ಎಂದೆ. ಕೂರಲಿಲ್ಲ.

"ಪೇಪರ್ ನೋಡಿದೆ ಸರ್. ಕಮಲ ಮೇಡಂ ಕಳಿಸಿದ್ರು. ಕೊನೆಯಲ್ಲಿ ನನ್ನ ಹೆಸರೂ ಉಂಟಲ್ಲ, ಮನೆಯಲ್ಲಿ ಎಲ್ಲರಿಗೂ ತೋರಿಸಿದೆ."

"ಒಳ್ಳೆಯದು."

"ಸರ್, ಒಂದು ಮಾತು ಹೇಳ್ಬೇಕಿತ್ತು." ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ನೀವು ಇಟ್ಟದ್ದು ಸರಿಯಾಗಿ ಬಂತಂತೆ, ಮೇಡಂ ಹೇಳಿದ್ರು. ಹಾಗಾದ್ರೆ ನಾನೇ ಮಗುಚಿದ್ದು. ನನಗೆ ಈಗಲೂ ಕಚ್ಚು ಬಲಕ್ಕೇ ಇದ್ದ ಹಾಗೆ ಕಾಣ್ತದೆ ಸರ್, ಕಣ್ಣು ಮುಚ್ಚಿದ್ರೆ. ಆದ್ರೆ ಅಚ್ಚಾದ ಮೇಲೆ ನಾನೇನು ಹೇಳುವುದು? ನನ್ನ ಕಣ್ಣನ್ನು ನನಗೇ ನಂಬ್ಲಿಕ್ಕೆ ಆಗುವುದಿಲ್ಲ. ಅವತ್ತು ನಿಮ್ಮೆದುರು ಅಷ್ಟು ವಾದ ಮಾಡಿದೆ. ತಪ್ಪಾಯ್ತು ಸರ್."

ಬೇರೆ ಲ್ಯಾಬುಗಳಿಗೆ ಅರ್ಜಿ ಹಾಕಲಿಲ್ಲವೇ ಎಂದು ಕೇಳಿದೆ.

"ಇಲ್ಲ ಸರ್. ಕೈಯಲ್ಲಿ ಏನಾದ್ರೂ ಹಿಡಿದು ಮಾಡುವ ಕೆಲಸಕ್ಕೆ ಹೆದರಿಕೆ ಆಗ್ತದೆ. ಇದಾದ್ರೆ ಕೇಳಿದ್ದನ್ನು ಬರೆಯುವುದು ಮಾತ್ರ. ಮೇಲಿನವರು ತಿದ್ದುತ್ತಾರೆ."

ಬಾಗಿಲು ಅರ್ಧ ತೆರೆದಿತ್ತು, ಆಚೆ ಹೊಸ ಸಹಾಯಕರು ಓಡಾಡುತ್ತಿದ್ದರು. ಎದ್ದು ಬಾಗಿಲು ಹಾಕಿದೆ. ನೀರು ಕುಡಿದೆ. ಅನುಭವ ಪತ್ರಕ್ಕೆ ಸಹಿ ಹಾಕಿ, ನಡತೆ ಉತ್ತಮ ಎಂದು ನನ್ನ ಕೈಯಾರೆ ಬರೆದುಕೊಟ್ಟೆ. ಯಾರೂ ಕೇಳಿರಲಿಲ್ಲ ಅದನ್ನು.

"ಆಗಿದ್ದು ಆಯಿತು. ಮನುಷ್ಯರಿಂದ ತಪ್ಪಾಗುತ್ತದೆ. ನಾನು ಅದನ್ನು ಯಾವತ್ತೋ ಮರೆತಿದ್ದೇನೆ" ಎಂದೆ. ಆಗ ಅವಳು ಅತ್ತಳು. ಅವತ್ತು ಅಳದಿದ್ದವಳು ಇವತ್ತು ನಾನು ಕ್ಷಮಿಸಿದೆ ಎಂದದ್ದಕ್ಕೆ ಅತ್ತಳು.

ಸಂಜೆ ಕಮಲಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ನೀವು ದೊಡ್ಡ ಮನಸ್ಸು ಮಾಡಿದ್ರಿ" ಎಂದಳು. ಅಂಥದ್ದೇನಿಲ್ಲ ಎಂದೆ. ಚೂಟಿ ಹುಡುಗಿ, ಮೊದಲೇ ಒಪ್ಪಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.